ಇಂದ್ರಮ್ಮ ಹೊರಗಿದಾರೆ

ನಮ್ಮ ಮನೆಯಲ್ಲಿ ಮನೆಯಿಂದಲೇ ಕೆಲಸ ಮಾಡುವವರು ಇಬ್ಬರು. ಒಬ್ಬಳು ಸೊಸೆ ಜ್ಯೋತಿಲಕ್ಷ್ಮಿ, ಇನ್ನೊಬ್ಬಳು ನಾನು. ಅವಳು ಶುರುಮಾಡಿ ಐದು ವರ್ಷವಾಯಿತು, ನಾನು ಶುರುಮಾಡಿ ಇಪ್ಪತ್ತೆರಡು. ಅವಳ ಕೆಲಸಕ್ಕೆ ಒಂದು ರೂಮಿದೆ, ರೂಮಿಗೊಂದು ಬಾಗಿಲಿದೆ. ಆ ಬಾಗಿಲು ಹಾಕಿತೆಂದರೆ ನಮ್ಮ ಯಜಮಾನರು ಕೆಮ್ಮು ಬಂದರೂ ಗೇಟಿನವರೆಗೆ ಹೋಗಿ ಕೆಮ್ಮಿ ಬರುತ್ತಾರೆ. ಮಿಕ್ಸಿ ಹಾಕುವಂತಿಲ್ಲ, ಟೀವಿ ಜೋರು ಮಾಡುವಂತಿಲ್ಲ. ನನ್ನ ಕೆಲಸ ನಡೆಯುವುದು ಹಾಲಿನ ಕಿಟಕಿ ಪಕ್ಕದ ಚಾಪೆಯ ಮೇಲೆ. ಅದಕ್ಕೆ ಬಾಗಿಲೂ ಇಲ್ಲ, ಹೆಸರೂ ಇಲ್ಲ.

ನಾನು ಸೀರೆಗಳಿಗೆ ಕುಚ್ಚು ಹಾಕುತ್ತೇನೆ. ಸೆರಗಿನ ತುದಿಯುದ್ದಕ್ಕೂ ರೇಷ್ಮೆ ದಾರದ ಎಳೆಗಳನ್ನು ಸೇರಿಸಿ, ಮಣಿ ಪೋಣಿಸಿ, ಗಂಟು ಬಿಗಿದು, ಕೆಳಗೆ ಒಂದೇ ಸಮನಾಗಿ ಕತ್ತರಿಸಿ ಬಿಡುವ ಕೆಲಸ. ನೋಡುವವರಿಗೆ ಹೊತ್ತು ಕಳೆಯುವ ಉಪಾಯದಂತೆ ಕಾಣುತ್ತದೆ. ನಾಲ್ಕು ಗಂಟು ಹೆಚ್ಚುಕಮ್ಮಿಯಾದರೆ ಸೆರಗು ಹಲ್ಲು ಬಿದ್ದ ಬಾಯಿಯ ಹಾಗಾಗುತ್ತದೆ, ಆಗ ಗೊತ್ತಾಗುತ್ತದೆ ಅದು ಎಂಥ ಕೆಲಸವೆಂದು. ನಮ್ಮ ಆರ್‌ಪಿಸಿ ಲೇಔಟಿನಿಂದ ಮದುವೆಯಾಗಿ ಹೋದ ಹುಡುಗಿಯರಲ್ಲಿ ಅರ್ಧ ಜನ ನನ್ನ ಕೈಯ ಕುಚ್ಚಿನ ಸೀರೆ ಉಟ್ಟುಕೊಂಡೇ ಹಸೆಮಣೆ ಏರಿದ್ದಾರೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆದರೂ ಹೋದ ವರ್ಷ ಸಮೀಕ್ಷೆಗೆಂದು ಬಂದ ಟೀಚರಮ್ಮ ‘ಇವರು ಏನ್ ಕೆಲಸ ಮಾಡ್ತಾರೆ ಸಾರ್’ ಎಂದು ಕೇಳಿದಾಗ ನನ್ನ ತೊಡೆಯ ಮೇಲೆ ಸೀರೆ, ಬಾಯಲ್ಲಿ ದಾರದ ತುದಿ. ನಾನು ದಾರ ಉಗುಳಿ ಉತ್ತರ ಕೊಡುವಷ್ಟರಲ್ಲಿ ಯಜಮಾನರು, “ಏನೂ ಇಲ್ಲ ಮೇಡಂ, ಮನೇಲೇ ಇರ್ತಾರೆ,” ಎಂದುಬಿಟ್ಟರು. ಆಕೆ ಮೊಬೈಲಿನಲ್ಲಿ ಏನನ್ನೋ ಒತ್ತಿ ಮುಂದಿನ ಪ್ರಶ್ನೆಗೆ ಹೋದಳು. ಆ ದಿನ ರಾತ್ರಿ ನಾನು ಮಾಡಿದ ಸಾರಿನಲ್ಲಿ ಉಪ್ಪು ಇರಲಿಲ್ಲ. ಬೇಕೆಂದೇ ಹಾಕಿರಲಿಲ್ಲ.

ಅವರೊಬ್ಬರನ್ನೇ ಅನ್ನುವುದೇಕೆ, ಇಡೀ ರಸ್ತೆಯೇ ಹಾಗೆ ತಿಳಿದಿದೆ. ಇಂದ್ರಮ್ಮ ಮನೇಲೇ ಇರ್ತಾರೆ. ಆದ್ದರಿಂದ ಏಳು ಮನೆಗಳ ಬೀಗದಕೈಗಳು ನಮ್ಮ ಟೀವಿ ಪಕ್ಕದ ಮೊಳೆಗೆ ನೇತಾಡುತ್ತವೆ. ಕೊರಿಯರ್‌ನವರು ವಿಳಾಸ ನೋಡುವುದನ್ನೇ ಬಿಟ್ಟು ಎಲ್ಲವನ್ನೂ ನಮ್ಮ ಮನೆಯಲ್ಲಿ ಇಳಿಸುತ್ತಾರೆ. ಯಾರದೋ ಸಿಲಿಂಡರು, ಯಾರದೋ ನೀರಿನ ಕ್ಯಾನು, ಸ್ಕೂಲ್ ವ್ಯಾನು ಬೇಗ ಬಂದರೆ ಯಾರದೋ ಮಗು. ಎರಡು ಗಂಟಿನ ನಡುವೆ ಒಂದು ಬೆಲ್ಲು. ಹಾಗೇ ಇಪ್ಪತ್ತೆರಡು ವರ್ಷ ಹೋಯಿತು.

ಇಂಥ ನನ್ನ ಬಳಿಗೆ ಒಂದು ಶುಕ್ರವಾರ ಕಲಾವತಿ ಬಂದಳು. ಪೈಪ್‌ಲೈನ್ ರಸ್ತೆಯಲ್ಲಿ ಅವಳ ಸೀರೆ ಅಂಗಡಿ. ನನಗೆ ಸೀರೆಗಳನ್ನು ಕಳಿಸುವವಳು ಅವಳೇ.

“ಆಂಟಿ, ಒಂದೇ ಮದುವೆಗೆ ಹದಿನೆಂಟು ಸೀರೆ ಬಂದಿದೆ. ಎಲ್ಲಾ ಕೆಂಪು. ಒಬ್ಬೊಬ್ರ ಮನೆಗೆ ಎರಡೆರಡು ಕಳಿಸಿದ್ರೆ ಒಂದೊಂದು ಕುಚ್ಚು ಒಂದೊಂದು ಉದ್ದ ಬರುತ್ತೆ. ಹೋದ್ಸಲ ಹಂಗೇ ಆಗಿ ನಾನು ಎಲ್ರ ಹತ್ರ ಅನ್ನಿಸ್ಕೊಂಡೆ. ಅದಕ್ಕೆ ಅಂಗಡಿ ಮೇಲಿನ ಹಾಲು ಖಾಲಿ ಮಾಡಿಸಿದೀನಿ. ಎಂಟು ಜನ ಅಲ್ಲೇ ಕೂತು ಮಾಡ್ತಾರೆ. ನೀವು ಬಂದು ನೋಡ್ಕೋಬೇಕು.”

“ಒಂದು ವಾರಕ್ಕಾ?”

“ಸೋಮವಾರದಿಂದ ಒಂದು ವಾರ ಬಂದು ನೋಡಿ. ಹೊಂದಿದ್ರೆ ಯಾವಾಗ್ಲೂ. ಹತ್ತರಿಂದ ಐದು. ಆ ಶನಿವಾರ ಏನೂಂತ ಹೇಳ್ಬಿಡಿ ಆಂಟಿ. ನೀವು ಆಗಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಕೋಬೇಕು, ಬೇಜಾರ್ ಮಾಡ್ಕೋಬೇಡಿ.”

ಸುತ್ತಿಬಳಸದೆ ಹೇಳುತ್ತೇನೆ, ನನಗೆ ಹೋಗಬೇಕೆನಿಸಿತು. ತುಂಬ ಹೋಗಬೇಕೆನಿಸಿತು. ಐವತ್ತೇಳು ವರ್ಷದಲ್ಲಿ ಬೆಳಗ್ಗೆ ತಲೆ ಬಾಚಿಕೊಂಡು, ಡಬ್ಬಿ ಹಿಡಿದುಕೊಂಡು, ಒಂದು ಕಡೆಗೆ ಹೋಗಿ, ಸಂಜೆ ಅಲ್ಲಿಂದ ಬರುವ ಭಾಗ್ಯ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ. ಆದರೆ ನಮ್ಮ ರಸ್ತೆಯ ಬಾಯಿ ನನಗೆ ಗೊತ್ತು. ಮನೆಯಲ್ಲಿ ಕೂತು ಎಷ್ಟು ಗೇದರೂ ಗೌರವಸ್ಥೆ. ಅದೇ ಕೆಲಸಕ್ಕೆ ಹೊಸಲು ದಾಟಿದರೆ, ‘ಮಗ ಸೊಸೆ ಇಬ್ಬರೂ ದುಡಿತಾರೆ, ಈ ವಯಸ್ಸಲ್ಲಿ ಆಯಮ್ಮಂಗೆ ಏನ್ ಬಂತು, ಮನೇಲಿ ಅನ್ನ ಹಾಕಲ್ವಂತಾ’ ಎಂದು ಶುರುವಾಗುತ್ತದೆ.

ಯಜಮಾನರಿಗೂ ಅದೇ ಯೋಚನೆ. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ಈಗ ಬೆಳಗಿನಿಂದ ಊಟದವರೆಗೆ ಪಾರ್ಕಿನಲ್ಲಿ ಗೆಳೆಯರ ಜೊತೆ ದೇಶದ ಆಗುಹೋಗು ನೋಡಿಕೊಳ್ಳುತ್ತಾರೆ.

“ಒಂದು ವಾರ ತಾನೇ, ಹೋಗು,” ಎಂದರು. “ಆದ್ರೆ ರಸ್ತೇಲಿ ಯಾರಿಗೂ ಹೇಳ್ಬೇಡ. ಮುನಿರಾಮಯ್ಯ ಮನೇಲಿ ಕೂತ್ಕೊಂಡು ಹೆಂಡ್ತೀನ ಕೆಲಸಕ್ಕೆ ಕಳಿಸ್ತಾನೆ ಅಂತಾರೆ.”

“ಹೋಗಿ ಅತ್ತೆ, ನಾನು ಮನೇಲೇ ಇರ್ತೀನಲ್ಲ,” ಎಂದಳು ಜ್ಯೋತಿ. ಪಾಪ, ಆ ಮಾತಿನ ಭಾರ ಅವಳಿಗೆ ಗೊತ್ತಿರಲಿಲ್ಲ.

ಸೋಮವಾರ ತರಕಾರಿಗೆ ಹೊರಟವಳ ಹಾಗೆ ಬಟ್ಟೆ ಚೀಲ ಹಿಡಿದು ಹೊರಟೆ. ಚೀಲದೊಳಗೆ ಡಬ್ಬಿ, ಕನ್ನಡಕ, ಕತ್ತರಿ. ಪೈಪ್‌ಲೈನ್ ರಸ್ತೆಗೆ ಹನ್ನೆರಡು ನಿಮಿಷದ ದಾರಿ. ಆ ಹನ್ನೆರಡು ನಿಮಿಷ ನನ್ನ ಕೈಯಲ್ಲಿ ಮಾಡಲು ಏನೂ ಇರಲಿಲ್ಲ, ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಡೆಯುತ್ತಾ ನಡೆಯುತ್ತಾ ನಗು ಬಂತು. ಎದುರಿಗೆ ಬಂದ ಹೂವಿನವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಹಾಲಿನಲ್ಲಿ ಎಂಟು ಜನ ಹೆಂಗಸರು, ಎರಡು ಉದ್ದನೆಯ ಟೇಬಲ್ಲು, ಕಿಟಕಿಯಿಂದ ಒಳ್ಳೆಯ ಬೆಳಕು. ಕೆಳಗೆ ಅಂಗಡಿಯ ಬಾಗಿಲು ತೆಗೆದರೆ ಟಿಂಗ್ ಎಂದು ಒಂದು ಬೆಲ್ಲು ಆಗುತ್ತದೆ. ಮೊದಲ ಟಿಂಗಿಗೆ ಸೀರೆ ಪಕ್ಕಕ್ಕಿಟ್ಟು ಎದ್ದು ನಿಂತೆ. ಎರಡನೆಯದಕ್ಕೂ ಎದ್ದೆ. ನಾಲ್ಕನೆಯದಕ್ಕೆ ಮೆಟ್ಟಿಲಿನವರೆಗೆ ಹೋಗಿಬಿಟ್ಟಿದ್ದೆ.

“ಅಕ್ಕಾರ, ಯಾರಿಗಿ ಕಾಯಾಕತ್ತೀರಿ?” ಎಂದಳು ದಾನಮ್ಮ. ಬಾದಾಮಿ ಕಡೆಯವಳು, ಅನ್ನಪೂರ್ಣೇಶ್ವರಿ ನಗರದಿಂದ ಬಸ್ಸಿಗೆ ಬರುತ್ತಾಳೆ. “ಕುಂದರ್ರಿ. ಇಲ್ಲಿ ಬಾಗಲಾ ತಗಿಯೂದು ನಿಮ್ಮ ಕೆಲಸ ಅಲ್ಲ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಒಳಗೆಲ್ಲೋ ಹೋಗಿ ಕೂತಿತು. ಬಾಗಿಲು ತೆಗೆಯುವುದು ನನ್ನ ಕೆಲಸವಲ್ಲ ಎಂದು ನನಗೆ ಯಾರೂ ಹೇಳಿರಲೇ ಇಲ್ಲ.

ಹನ್ನೊಂದಕ್ಕೆ ಟೀ ಬಂತು. ಬೇರೆಯವರು ಮಾಡಿದ ಟೀ, ಕೂತಲ್ಲಿಗೇ ಬಂತು, ಲೋಟ ತೊಳೆಯುವುದೂ ನನ್ನ ಪಾಲಿಗಿರಲಿಲ್ಲ. ಅದರಲ್ಲಿ ಶುಂಠಿ ಜಾಸ್ತಿಯಾಗಿತ್ತು, ಆದರೂ ಅಷ್ಟು ರುಚಿಯಾದ ಟೀ ನಾನು ಕುಡಿದಿಲ್ಲ. ಮಧ್ಯಾಹ್ನ ಒಂಬತ್ತು ಡಬ್ಬಿಗಳು ಒಟ್ಟಿಗೆ ತೆರೆದುಕೊಂಡವು. ನನ್ನ ಅವರೆಕಾಳು ಹುಳಿ ದಾನಮ್ಮನ ತಟ್ಟೆಗೆ ಹೋಯಿತು, ಅವಳ ಶೇಂಗಾ ಚಟ್ನಿ ನನ್ನ ತಟ್ಟೆಗೆ ಬಂತು. ಚಿಕ್ಕ ಹುಡುಗಿಯೊಬ್ಬಳು ನನ್ನ ಗಂಟು ನೋಡಿ, “ಇದು ಹೆಂಗೆ ಆಂಟಿ, ಇನ್ನೊಂದ್ಸಲ ತೋರ್ಸಿ,” ಎಂದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಗಂಟನ್ನು ಇನ್ನೊಂದು ಸಲ ನೋಡಬೇಕೆಂದವಳು ಅವಳೇ ಮೊದಲು.

ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ನೈಟಿಯಲ್ಲೇ ಕೂತು, ಸೊಂಟ ಹಿಡಿದರೆ ಹತ್ತು ನಿಮಿಷ ಅಡ್ಡಾಗಿ ಎದ್ದರೆ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಸೀರೆಯುಟ್ಟು ಕುರ್ಚಿಯ ಮೇಲೆ ಏಳು ಗಂಟೆ ಕೂರಬೇಕು. ಇನ್ನು ಮಾತು. ಎಂಟು ಜನ ಹೆಂಗಸರ ಮಾತಿನ ನಡುವೆ ಕೈ ತಾನಾಗಿಯೇ ನಿಧಾನವಾಗುತ್ತದೆ. ಮೊದಲ ದಿನ ಮನೆಯಲ್ಲಿ ಮಾಡುವುದರ ಅರ್ಧದಷ್ಟೂ ಆಗಲಿಲ್ಲ. ಬೆಲ್ಲು, ಸಿಲಿಂಡರು, ಮಗು ಎಲ್ಲ ಇದ್ದೂ ಮನೆಯಲ್ಲಿ ನನ್ನ ಕೈ ಓಡುತ್ತಿತ್ತಲ್ಲ ಎಂದು ನನಗೇ ಆಶ್ಚರ್ಯ. ಮಂಗಳವಾರ ನಾನೊಂದು ಕಟ್ಟು ಮಾಡಿದೆ: ಟೀಗೆ ಮೊದಲು ಬರೀ ಕೆಲಸ, ಟೀ ಆದ ಮೇಲೆ ಅತ್ತೆಯರ ವಿಷಯ, ಊಟವಾದ ಮೇಲೆ ಗಂಡಂದಿರ ವಿಷಯ. ಕೈಗಳು ದಾರಿಗೆ ಬಂದವು.

ದಾರಿಗೆ ಬರದೆ ಇದ್ದದ್ದು ನನ್ನ ಫೋನು. ಸೋಮವಾರ ಒಂದೇ ದಿನ ಹನ್ನೊಂದು ಕರೆ. ಯಜಮಾನರಿಗೆ ಸಕ್ಕರೆ ಡಬ್ಬಿ ಕಾಣಿಸುತ್ತಿಲ್ಲ. ಪಕ್ಕದ ಮನೆಯವರಿಗೆ ಬೀಗದಕೈ ಬೇಕು. ‘ಎಲ್ಲಿದೀರಾ’ ಎಂದು ಕೇಳಿದವರಿಗೆಲ್ಲ, ಕೆಲಸದಲ್ಲಿದೀನಿ ಎನ್ನಲು ಬಾಯಿ ಬಾರದೆ ‘ಇಲ್ಲೇ ಹತ್ರದಲ್ಲಿದೀನಿ’ ಎಂದೆ. ‘ಹಂಗಾದ್ರೆ ಬೇಗ ಬನ್ನಿ’ ಎಂದರು. ಸುಳ್ಳು ಹೇಳಲೂ ನನಗೆ ನೆಟ್ಟಗೆ ಬರುವುದಿಲ್ಲ.

ಮಂಗಳವಾರ ಹಿಂದಿನ ಕ್ರಾಸಿನ ಅಣ್ಣಮ್ಮನವರು ಫೋನು ಮಾಡಿದರು. ಎಪ್ಪತ್ತು ದಾಟಿದ ಹಿರಿಯರು, ಮಂಡಿ ನೋವು, ಹೆಚ್ಚು ಓಡಾಡುವುದಿಲ್ಲ. ಓಡಾಡದೆಯೇ ಇಡೀ ಲೇಔಟಿನ ಸುದ್ದಿ ಅವರ ಮನೆಗೆ ಬಂದು ಸೇರಿ, ಅಲ್ಲಿಂದ ಮತ್ತೆ ಎಲ್ಲ ಮನೆಗೂ ಹೋಗುತ್ತದೆ.

“ಇಂದ್ರ, ಇವತ್ತು ಸಣ್ಣ ಪೂಜೆ ಇಟ್ಕೊಂಡಿದೀನಿ. ಮಧ್ಯಾಹ್ನ ಅರಿಶಿನ ಕುಂಕುಮಕ್ಕೆ ಬಾರಮ್ಮ.”

ನಾನು ತಡವರಿಸಿದೆ. ‘ಇಲ್ಲೇ ಹತ್ರದಲ್ಲಿದೀನಿ’ ಎಂದರೆ ಕಾಯುತ್ತಾರೆ. “ಬರಕ್ಕಾಗಲ್ಲ ಅಣ್ಣಮ್ಮನೋರೆ. ನಾನು ಹೊರಗಿದೀನಿ.”

ಅವರು ದನಿ ತಗ್ಗಿಸಿ, “ಹೌದಾ? ಸರಿ ಸರಿ. ಹಂಗಾದ್ರೆ ಬರಬೇಡ,” ಎಂದು ಫೋನಿಟ್ಟರು.

ನನಗೆ ಪರಮಾಶ್ಚರ್ಯ. ಅಣ್ಣಮ್ಮನವರು ಒಂದು ಮಾತಿಗೆ ಯಾರನ್ನಾದರೂ ಬಿಟ್ಟದ್ದುಂಟೆ? ಹೊರಗಿದೀನಿ ಎಂಬ ಮಾತು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಗೊತ್ತಿದ್ದರೆ ಹಿಂದಿನ ದಿನವೇ ಹೇಳುತ್ತಿದ್ದೆ. ಅವತ್ತಿನಿಂದ ಯಾರು ಕೇಳಿದರೂ ಅದೇ ಉತ್ತರ ಕೊಟ್ಟೆ.

ಬುಧವಾರ ಅವರೇ ಮತ್ತೆ ಮಾಡಿದರು. “ಹೆಂಗಿದೀಯಾ ಇಂದ್ರ? ಇನ್ನೂ ಹೊರಗೇನಾ?”

“ಹೂಂ ಅಣ್ಣಮ್ಮನೋರೆ, ಶನಿವಾರದವರೆಗೂ ಹಿಂಗೇ.”

“ಶನಿವಾರದವರೆಗಾ? ಅಷ್ಟೊಂದು ಜಾಸ್ತಿನಾ?”

ಇವರಿಗೆ ಕೆಲಸದ ವಿಷಯ ಯಾರೋ ಹೇಳಿಬಿಟ್ಟಿದ್ದಾರೆ, ಮುಚ್ಚಿಟ್ಟು ಏನು ಪ್ರಯೋಜನ ಎಂದುಕೊಂಡೆ. ವಿಚಾರಿಸಿಕೊಳ್ಳುತ್ತಿದ್ದಾರಲ್ಲ ಎಂದು ಸಂತೋಷವೂ ಆಯಿತು.

“ಜಾಸ್ತಿನೇ ಕಣ್ರೀ. ಬೆಳಗ್ಗೆಯಿಂದ ಸಾಯಂಕಾಲದವರೆಗೂ ಬಿಡುವಿಲ್ಲ. ಕೆಂಪು ನೋಡಿ ನೋಡಿ ಕಣ್ಣು ಕತ್ತಲೆ ಬರುತ್ತೆ.”

“ಅಯ್ಯೋ ಶಿವನೇ. ಸೊಂಟ?”

“ಸೊಂಟದ ಕತೆ ಕೇಳಲೇಬೇಡಿ.”

“ಮುನಿರಾಮಯ್ಯಂಗೆ ಗೊತ್ತಾ?”

“ಗೊತ್ತು. ಯಾರಿಗೂ ಹೇಳ್ಬೇಡ ಅಂದಿದಾರೆ.”

“ಹಂಗಂದ್ರಾ,” ಎಂದರು ಅಣ್ಣಮ್ಮನವರು. ಆ ದನಿಯಲ್ಲಿ ಸಿಟ್ಟಿತ್ತು. ಎಷ್ಟು ಒಳ್ಳೆಯವರು, ನನ್ನ ಪರವಾಗಿ ಸಿಟ್ಟಾಗುತ್ತಿದ್ದಾರೆ ಎಂದುಕೊಂಡು ನಾನು ಮತ್ತೆ ದಾರ ಹಿಡಿದೆ.

ಗುರುವಾರ ಸಂಜೆ ಮನೆಗೆ ಬಂದಾಗ ಜ್ಯೋತಿ ತನ್ನ ರೂಮಿನಲ್ಲಿರಲಿಲ್ಲ. ನನ್ನ ಚಾಪೆಯ ಮೇಲೆ ಕೂತಿದ್ದಳು. ಸುತ್ತಲೂ ಆರು ಪಾರ್ಸೆಲ್ಲು, ಒಂದು ಸಿಲಿಂಡರು, ಎದುರುಮನೆಯ ಮಗು. ಅವಳ ಕೆಲಸ ಯಾವುದೋ ದೇಶದ ಗಿರಾಕಿಗಳ ದೂರು ಕೇಳಿ ಸಮಾಧಾನ ಮಾಡುವುದು. ನಾಲ್ಕು ದಿನದಲ್ಲಿ ಅವಳನ್ನೇ ಸಮಾಧಾನ ಮಾಡಬೇಕಾದ ಸ್ಥಿತಿ ಬಂದಿತ್ತು.

“ಅತ್ತೆ, ಈ ಮನೆಗೆ ದಿನಕ್ಕೆ ಎಷ್ಟು ಸಲ ಬೆಲ್ ಆಗುತ್ತೆ ಗೊತ್ತಾ?”

“ಗೊತ್ತು ಕಣೇ.”

“ಇವತ್ತು ಕಾಲ್ ನಡುವೆ ಮೂರು ಸಲ ಎದ್ದೆ. ಮ್ಯಾನೇಜರು, ಮನೇಲಿ ಆಗ್ತಿಲ್ಲ ಅಂದ್ರೆ ದಿನಾ ಆಫೀಸಿಗೇ ಬಂದ್ಬಿಡಿ ಅಂದ್ರು.” ಅವಳು ಮಗುವಿನ ಕೈಯಿಂದ ನನ್ನ ಮಣಿಡಬ್ಬಿ ಬಿಡಿಸಿಕೊಂಡಳು. “ಐದು ವರ್ಷದಿಂದ ನಾನು ಆರಾಮಾಗಿ ಮನೆಯಿಂದ ಕೆಲಸ ಮಾಡ್ತಿದೀನಿ ಅಂದ್ಕೊಂಡಿದ್ದೆ. ನೀವು ಈ ಚಾಪೆ ಮೇಲೆ ಕೂತಿದ್ರಿ, ಅದಕ್ಕೆ ನಾನು ಮಾಡ್ತಿದ್ದೆ.”

ಈ ಮಾತು ಕೇಳಿ ನನಗೆ ಅಳು ಬಂತು. ಸಂತೋಷಕ್ಕೋ ದುಃಖಕ್ಕೋ ಹೇಳಲಾರೆ. ಯಾರಾದರೂ ಹೇಳಲಿ ಎಂದು ಇಷ್ಟು ವರ್ಷ ಕಾದ ಮಾತನ್ನು ಅವಳು ಹೇಳಿದ್ದಳು, ಆದರೆ ಅದರಿಂದ ನಾನು ಹೋಗಬೇಕೆಂದಿದ್ದ ಜಾಗವೇ ಕೈತಪ್ಪುವ ಹಾಗಿತ್ತು. ಸೊಸೆಯ ಕೆಲಸಕ್ಕೆ ಕುತ್ತು ತಂದು ನಾನು ಡಬ್ಬಿ ಹಿಡಿದು ಹೋಗುವುದೇ? ಶನಿವಾರ ಕಲಾವತಿಗೆ ಆಗುವುದಿಲ್ಲ ಎಂದು ಹೇಳಿಬಿಡೋಣ ಎಂದುಕೊಂಡೆ. ಜ್ಯೋತಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

“ಬಿಟ್ಬಿಡಿ ಅಂತ ನಾನು ಹೇಳ್ಲಿಲ್ಲ ಅತ್ತೆ. ಮಾವನೂ ಮನೇಲೇ ಇರ್ತಾರಲ್ಲ?”

ಇಬ್ಬರೂ ತಿರುಗಿ ಯಜಮಾನರನ್ನು ನೋಡಿದೆವು. ಅವರು ಪೇಪರಿನ ಹಿಂದೆ ಸರಿದುಕೊಂಡರು.

ಶುಕ್ರವಾರ ನಡೆದದ್ದರಲ್ಲಿ ಮೊದಲ ಭಾಗ ನಾನು ಕಂಡದ್ದಲ್ಲ, ಜ್ಯೋತಿ ಬಾಗಿಲ ಹಿಂದಿನಿಂದ ಕೇಳಿಸಿಕೊಂಡದ್ದು. ಹತ್ತೂವರೆಗೆ ಮನೆಯ ಮುಂದೆ ಆಟೋ ನಿಂತಿತು. ಅಣ್ಣಮ್ಮನವರು ಕೋಲೂರಿಕೊಂಡು ಇಳಿದರು. ಯಜಮಾನರು ಪಾರ್ಕಿಗೆ ಹೊರಟಿದ್ದರು.

“ಮುನಿರಾಮಯ್ಯನೋರೆ, ಇಂದ್ರ ಒಂದು ವಾರದಿಂದ ಹೊರಗಿದಾಳಂತೆ.”

ಗುಟ್ಟು ಬಯಲಾಯಿತೆಂದು ಅವರಿಗೆ ನಾಚಿಕೆಯಾಯಿತು. “ಹೌದು, ಹೊರಗಿದಾಳೆ.”

“ಈ ವಯಸ್ಸಲ್ಲಿ?”

“ವಯಸ್ಸಿಗೇನು ಬಿಡಿ, ಅವಳಿಗೆ ಅದ್ರಲ್ಲೇ ಖುಷಿ.”

“ಖುಷಿನಾ? ಸರಿ, ಎಲ್ಲಿ ಅವಳು? ಮಲಗಿದಾಳಾ?”

“ಮಲಗೋದೆಲ್ಲಿ ಬಂತು, ಬೆಳಗ್ಗೆನೇ ಡಬ್ಬಿ ತಗೊಂಡು ಹೋದ್ಲು.”

ಅಣ್ಣಮ್ಮನವರು ಕೋಲನ್ನು ನೆಲಕ್ಕೆ ಕುಟ್ಟಿದರಂತೆ. “ಅವಳಿಗೆ ಕಣ್ಣು ಕತ್ತಲೆ ಬರ್ತಿದೆ, ಸೊಂಟ ಎತ್ತಕ್ಕಾಗ್ತಿಲ್ಲ. ಅವಳ ಬಾಯಿಂದಲೇ ಕೇಳಿದೀನಿ. ಯಾರಿಗೂ ಹೇಳ್ಬೇಡ ಅಂತ ಬೇರೆ ಅಂದಿದೀರಂತೆ. ಲೇಡಿ ಡಾಕ್ಟ್ರ ಹತ್ರ ಹೇಳಿಟ್ಟು ಬಂದಿದೀನಿ. ಹತ್ತಿ ಆಟೋನ.”

ಯಜಮಾನರಿಗೆ ಅರ್ಥವಾದದ್ದು ಇಷ್ಟೇ: ಹೆಂಡತಿಗೆ ಏನೋ ದೊಡ್ಡ ಕಾಯಿಲೆ, ತನ್ನಿಂದ ಮುಚ್ಚಿಟ್ಟಿದ್ದಾಳೆ. ಮುಖ ಬಿಳುಚಿಕೊಂಡು ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಆಟೋ ಹತ್ತಿದರು. ಜ್ಯೋತಿ ಕಾಲ್ ಮುಗಿಸಿ ಹೊರಗೆ ಓಡಿಬರುವಷ್ಟರಲ್ಲಿ ಆಟೋ ತಿರುವಿನಲ್ಲಿತ್ತು.

ನನ್ನ ಫೋನು ಬಡಿದುಕೊಂಡಿತು. “ಅತ್ತೆ, ನೀವು ಅಣ್ಣಮ್ಮಜ್ಜಿಗೆ ಏನಂತ ಹೇಳಿದ್ರಿ?” ಎಂದಳು. ಮುಂದೆ ಹೇಳಲು ಅವಳಿಗೆ ನಗು ಬಿಡುತ್ತಿಲ್ಲ. “ಹೊರಗಿದೀನಿ ಅಂದ್ರಾ? ಅಜ್ಜಿಗೆ? ಅತ್ತೆ, ಅವರು ಬರ್ತಿದಾರೆ.”

ಆಗ, ಆ ಕ್ಷಣ, ನನಗೆ ಹೊಳೆಯಿತು. ನಮ್ಮ ತಲೆಮಾರಿನ ಹೆಂಗಸರು ತಿಂಗಳ ಮುಟ್ಟಿಗೆ ಹೇಳುವ ಮಾತೇ ಅದು. ಹೊರಗಾದೆ, ಹೊರಗಿದೀನಿ, ಹೊರಗೆ ಕೂತಿದೀನಿ. ನಾನೇ ಮೂವತ್ತೈದು ವರ್ಷ ಆ ಮಾತು ಆಡಿದವಳು. ಆ ಕಾಟ ಮುಗಿದು ಆರು ವರ್ಷವಾಗಿತ್ತು, ಮುಗಿದಾಗ ಮೊದಲು ಹೇಳಿದ್ದು ಅಣ್ಣಮ್ಮನವರಿಗೇ. ಆರು ವರ್ಷದ ಮೇಲೆ ವಾರಗಟ್ಟಲೆ ಹೊರಗೆ, ಬೆಳಗ್ಗೆಯಿಂದ ಸಾಯಂಕಾಲದವರೆಗೂ ಬಿಡುವಿಲ್ಲದೆ, ಕೆಂಪು ನೋಡಿ ನೋಡಿ ಕಣ್ಣು ಕತ್ತಲೆ. ನಾನು ತಲೆ ಹಿಡಿದುಕೊಂಡು ಕೂತೆ.

ಕೆಳಗೆ ಟಿಂಗ್ ಎಂದಿತು. ಮೆಟ್ಟಿಲ ಮೇಲೆ ಕೋಲಿನ ಸದ್ದು. ಅಣ್ಣಮ್ಮನವರು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು, ನನ್ನ ತೊಡೆಯ ಮೇಲಿದ್ದ ಮದುವೆ ಸೀರೆಯನ್ನು ನೋಡಿದರು.

“ಇಂದ್ರ, ಹೊರಗಿರೋಳು ಮದುವೆ ಸೀರೆ ಮುಟ್ತಿದೀಯಲ್ಲೇ.”

ಹಿಂದೆಯೇ ಹತ್ತಿ ಬಂದಿದ್ದ ಕಲಾವತಿಯ ಮುಖ ಸಣ್ಣಗಾಯಿತು. ಆ ಮದುವೆಮನೆಯವರು ಮಡಿ ಮೈಲಿಗೆ ಜನ. ಈ ಮಾತು ಅಣ್ಣಮ್ಮನವರ ಬಾಯಿಂದ ಲೇಔಟಿಗೆ ಇಳಿದರೆ ಹದಿನೆಂಟು ಸೀರೆಯೂ ವಾಪಸು, ಹಾಲಿಗೂ ಬೀಗ.

ಮೊದಲು ಬಾಯಿ ಬಿಟ್ಟವಳು ದಾನಮ್ಮ. “ಅಜ್ಜಿ, ನಾವಿಲ್ಲಿ ಒಂಬತ್ತ ಮಂದಿ ಹೆಣ್ಣಮಕ್ಕಳ ಅದೀವಿ. ದಿನಾ ಒಬ್ಬಾಕಿ ಅಲ್ಲದಿದ್ರ ಇನ್ನೊಬ್ಬಾಕಿ ಹೊರಗಿನಾಕಿನ. ಇಷ್ಟ ವರ್ಷ ನೀವು ಉಟ್ಟ ಸೀರಿ ಯಾರ ಕೈಯಾಗ ಯಾವಾಗ ಇತ್ತು, ನಿಮಗ ಗೊತ್ತೇನ್ರಿ?”

ಅಣ್ಣಮ್ಮನವರು ತಮ್ಮ ಸೆರಗನ್ನು ಒಮ್ಮೆ ನೋಡಿಕೊಂಡರು.

ಅವರ ಹಿಂದೆ ಯಜಮಾನರು ನಿಂತಿದ್ದರು. ಒಂದು ಕಾಲಿನಲ್ಲಿ ತಮ್ಮ ಚಪ್ಪಲಿ, ಇನ್ನೊಂದರಲ್ಲಿ ಮಗನದು. “ಏನಾಗಿದೆ ನಿಂಗೆ? ನಂಗೇ ಹೇಳ್ದೆ ಮುಚ್ಚಿಟ್ಯಲ್ಲ,” ಎಂದರು. ಕಣ್ಣಲ್ಲಿ ನೀರಿತ್ತು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ನನಗಾಗಿ ಅವರು ಹೀಗೆ ಗಾಬರಿಯಾದದ್ದನ್ನು ಮೊದಲ ಸಲ ಕಂಡೆ. ಪಾಪ ಎನಿಸಿತು, ನಗುವೂ ಒತ್ತರಿಸಿ ಬಂತು.

ಎದ್ದು ನಿಂತೆ. ಸೀರೆಯನ್ನು ಕೈಬಿಡಲಿಲ್ಲ.

“ನಂಗೇನೂ ಆಗಿಲ್ಲ. ನಾನು ಮುಟ್ಟಾಗಿಲ್ಲ, ಕಾಯಿಲೇನೂ ಇಲ್ಲ. ಕೆಲಸಕ್ಕೆ ಬಂದಿದೀನಿ ಅಣ್ಣಮ್ಮನೋರೆ. ಕುಚ್ಚು ಹಾಕೋ ಕೆಲಸ. ದಿನಾ ಬರ್ತಿದೀನಿ. ಹೇಳಕ್ಕೆ ನಾಚಿಕೆಯಾಗಿ ಹೊರಗಿದೀನಿ ಅಂದೆ.” ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. “ಕಲಾವತಿ, ಶನಿವಾರದವರೆಗೂ ಕಾಯೋದು ಬೇಡಮ್ಮ. ಸೋಮವಾರದಿಂದಲೂ ಬರ್ತೀನಿ. ಆಮೇಲೂ ಬರ್ತೀನಿ. ಮನೇಲಿ ಬೆಲ್ಲಿಗೆ ಯಾರು ಏಳ್ತಾರೋ ಅವರವರೇ ಕೂತು ಮಾತಾಡ್ಕೊಳ್ಳಲಿ.”

ಅಣ್ಣಮ್ಮನವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ನನ್ನ ಮುಖವನ್ನೇ ನೋಡುತ್ತಿದ್ದರು. ಮೊದಲು ಅವರ ಭುಜ ಕುಲುಕಿತು, ಆಮೇಲೆ ಹೊಟ್ಟೆ, ಆಮೇಲೆ ಕೋಲು ಕೈಜಾರಿ ಬಿತ್ತು. ಅವರು ಹಾಗೆ ನಗುವುದನ್ನು ನೋಡಿ ಹಾಲಿಗೆ ಹಾಲೇ ನಕ್ಕಿತು. ಕಣ್ಣೊರೆಸಿಕೊಂಡು ಅವರು ಹೇಳಿದರು:

“ಅಲ್ವೇ ಇಂದ್ರ, ಹೊರಗಿದೀನಿ ಅಂತ ಊರಿಗೆಲ್ಲ ಹೇಳಕ್ಕೆ ನಾಚಿಕೆ ಇಲ್ಲ, ಕೆಲಸಕ್ಕೆ ಹೋಗ್ತಿದೀನಿ ಅನ್ನಕ್ಕೆ ನಾಚಿಕೆನಾ?”

ಯಜಮಾನರು ಟೇಬಲ್ಲಿನ ಬಳಿ ಬಂದು, ಸಾಲಾಗಿ ಹರಡಿದ್ದ ಕೆಂಪು ಸೆರಗುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಬೆರಳಿನಿಂದ ಒಂದು ಕುಚ್ಚು ಮುಟ್ಟಿದರು. “ಇದೆಲ್ಲಾ ನೀನು ಹೇಳ್ಕೊಟ್ಟಿದ್ದಾ?” ಎಂದು ಕೇಳಿದರು. ಚಿಕ್ಕ ಹುಡುಗಿ ನನಗಿಂತ ಮೊದಲೇ ಹೌದೆಂದಳು.

ಕೆಳಗೆ ಆಟೋದವನು ಹಾರನ್ ಒತ್ತಿದ. “ಸಾರ್, ಆಸ್ಪತ್ರೆಗೆ ಹೋಗ್ಬೇಕೋ ಬೇಡ್ವೋ? ಎಷ್ಟೊತ್ತು ನಿಲ್ಲಿಸ್ಕೊಳ್ಳಲಿ?”

ಯಜಮಾನರು ಕಿಟಕಿಗೆ ಹೋಗಿ ತಲೆ ಹೊರಗೆ ಹಾಕಿದರು. ಪೈಪ್‌ಲೈನ್ ರಸ್ತೆಯಲ್ಲಿ ನಮ್ಮ ಗುರುತಿನವರು ಹತ್ತು ಜನರಾದರೂ ಇದ್ದೇ ಇರುತ್ತಾರೆ. ಬಸ್ಸಿನಲ್ಲಿ ಸ್ಟಾಪು ಕೂಗುತ್ತಿದ್ದ ಗಂಟಲಿನಲ್ಲೇ ಕೂಗಿದರು.

“ಆಸ್ಪತ್ರೆ ಬೇಡಪ್ಪ, ಮನೆಗೆ ಹೋಗೋಣ. ನಮ್ಮ ಮನೆಯವರು ಬರಲ್ಲ, ಡ್ಯೂಟೀಲಿದಾರೆ.”

ಡ್ಯೂಟಿ ಎಂಬ ಮಾತನ್ನು ಅವರು ಮಗನ ಕೆಲಸಕ್ಕೂ ಅಂದವರಲ್ಲ, ಸೊಸೆಯದಕ್ಕೂ ಅಂದವರಲ್ಲ. ಮೂವತ್ತೊಂದು ವರ್ಷ ಅದು ಅವರೊಬ್ಬರದೇ ಆಗಿತ್ತು. ನನ್ನ ಕಡೆ ತಿರುಗಿ, ಜ್ಯೋತಿಗೆ ಹನ್ನೆರಡಕ್ಕೆ ಮೀಟಿಂಗು, ಬೆಲ್ಲಾದರೆ ಬಾಗಿಲು ತೆಗೆಯಲು ಯಾರೂ ಇಲ್ಲ ಎನ್ನುತ್ತ ಅವಸರದಲ್ಲಿ ಮೆಟ್ಟಿಲಿಳಿದು ಹೋದರು. ಅಣ್ಣಮ್ಮನವರು ಮಾತ್ರ ಏಳಲಿಲ್ಲ, ಟೀ ಎಷ್ಟೊತ್ತಿಗೆ ಬರುತ್ತದೆಂದು ದಾನಮ್ಮನನ್ನು ಕೇಳುತ್ತಿದ್ದರು. ನಾನು ಕೂತು ಸೆರಗು ಎಳೆದುಕೊಂಡೆ. ಎಷ್ಟನೆಯ ಗಂಟಿನಲ್ಲಿದ್ದೆನೋ ಮರೆತುಹೋಗಿತ್ತು, ಮೊದಲಿನಿಂದ ಎಣಿಸತೊಡಗಿದೆ.